ಹೆಬ್ಬೆಟ್ಟಿಗೆ ಸಿಗುವಷ್ಟು

ಮೊದಲ ಪರದೆಯಲ್ಲಿ ಏನೂ ತುಂಬಬೇಡ ಅಂದರು ಬಾಂದೇಕರರು,
ಒಂದು ನಕ್ಷೆ, ಒಂದು ಗುಂಡಿ, ಸಾಕು.
ಹೆಬ್ಬೆಟ್ಟು ಎತ್ತಿ ತೋರಿಸಿದರು:
ಸೆಂಟ್ರಿಂಗ್ ಹಲಗೆ ಬಿದ್ದು ಉಗುರು ಹೋದದ್ದು,
ಗೇರುಬೀಜದ ಹಾಗೆ ಡೊಂಕು.
‘ಇದಕ್ಕೆ ಸಿಗಬೇಕು ತಂಗೀ.
ಸಿಗದಿದ್ದರೆ ನಿನ್ನ ಆ್ಯಪು ನನಗಲ್ಲ.’

ಕಾಜುಬಾಗದಲ್ಲಿ ಸಿಮೆಂಟಂಗಡಿಯ ಮೇಲಿನ ಕೋಣೆ.
ಕೆಳಗೆ ಚೀಲ ಇಳಿಸಿದಾಗಲೆಲ್ಲ
ನನ್ನ ಕೀಲಿಮಣೆಯ ಮೇಲೆ ಬೂದು ಪುಡಿ.
ಗುಂಡಿಯನ್ನು ದೊಡ್ಡದು ಮಾಡಿದೆ,
ಮತ್ತೂ ದೊಡ್ಡದು,
ಮೀನುಬುಟ್ಟಿಯ ಬಾಯಿಯಷ್ಟು.
‘ಪರಿವರ್ತಿತ’, ‘ಅನುಮೋದಿತ’, ‘ವಿಭಜಿತ’
ಕಚೇರಿಯ ಕನ್ನಡವನ್ನೆಲ್ಲ ಕಿತ್ತು
‘ಎನ್.ಎ. ಆಯ್ತು’, ‘ಸಹಿ ಬಿತ್ತು’ ಅಂತ ಬರೆದೆ.
ರಸ್ತೆ ಎಳೆದರೆ ಸೈಟುಗಳು ತಾವೇ ಸರಿದು ಕೂರುತ್ತವೆ,
ಅಂಕೋಲೆಯ ಬಸ್ಸಿನಲ್ಲಿ ಹೆಂಗಸರು
ಇನ್ನೊಬ್ಬಳ ಮಗುವಿಗೆ ಜಾಗ ಮಾಡಿಕೊಟ್ಟ ಹಾಗೆ.
ಮೂಲೆ ಸೈಟಿಗೆ ತುಸು ಹಳದಿ.
ತಪ್ಪಾದರೆ ಎಡಕ್ಕೆ ಬಾಗಿದ ಬಾಣ: ಹಿಂದಕ್ಕೆ.
ಚಂದ ಇತ್ತು, ಸುಳ್ಳು ಯಾಕೆ ಹೇಳಲಿ.
ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಕೂತು
ಇಲ್ಲದ ಊರುಗಳನ್ನು ಎಳೆದೆಳೆದು ನೋಡಿದ್ದೇನೆ,
ಬೀದಿಗೊಂದು ಹೆಸರಿಟ್ಟು ಅಳಿಸಿದ್ದೇನೆ.

ಪರೀಕ್ಷೆಗೆ ಸುಂಕೇರಿಯ ಆಚೆ ಹೋದೆವು.
ಏಳು ವರ್ಷದಿಂದ ಕಗ್ಗ ಬಿತ್ತದ ಗಜನಿ.
ಹೆಬ್ಬೆಟ್ಟು ಒತ್ತಿತು. ಸಿಕ್ಕಿತು.
ನಲವತ್ತೊಂದು ಸೈಟು, ಎರಡು ರಸ್ತೆ, ಒಂದು ಪಾರ್ಕು,
ಎರಡೂವರೆ ನಿಮಿಷ.
ಬಾಂದೇಕರರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.
ಆಮೇಲೆ ಯಾರಿಗೋ ಎಂಬಂತೆ ಅಂದರು:
‘ಅರ್ಗಾದ ಜಾಗಕ್ಕೆ ನಮ್ಮಪ್ಪ ಒತ್ತಿದ್ದೂ ಇಷ್ಟೇ ಹೊತ್ತು.
ಶಾಯಿ ಹೋಗಲಿಕ್ಕೆ ಮಾತ್ರ ಮೂರು ದಿನ ಹಿಡೀತು.’

ಕಟ್ಟೆಯ ಕೆಳಗೆ ರುಕ್ಮಾ ಅಂಬಿಗ ಬಳಚು ಆರಿಸುತ್ತಿದ್ದಳು.
ಹತ್ತಿ ಬಂದು ಫೋನಿಗೆ ಬಗ್ಗಿ ಕೇಳಿದಳು:
‘ಇದು ಯಾವ ಹೊತ್ತಿಂದು?’
ನಕ್ಷೆಗೆ ಹೊತ್ತು ಎಂಥದು ಅಂದೆ.
‘ಇಳತದ್ದಾ, ಭರ್ತಿದ್ದಾ?’
ತೋರಿಸಹೋದ ಬೆರಳಿಂದ ಒಂದು ಹನಿ ಬಿತ್ತು.
ಪರದೆಗೆ ಹನಿಗೂ ಬೆರಳಿಗೂ ವ್ಯತ್ಯಾಸ ತಿಳಿಯದು.
ಹದಿನೇಳು, ಹದಿನೆಂಟು, ಹತ್ತೊಂಬತ್ತು
ತಾವಾಗಿ ಸರಿದವು; ರಸ್ತೆ ಬಾಗಿತು;
ನಡುವೆ ಯಾರೂ ಎಳೆಯದ ಒಂದು ಖಾಲಿ ತೆರೆಯಿತು.
ರುಕ್ಮಾ ಗಾಬರಿಯಾಗಿ ಸೆರಗಿನಿಂದ ಒರೆಸಿದಳು.
ಇನ್ನೂ ಕೆಟ್ಟಿತು.

ವಾಪಸು ಬಂದು ಹೊತ್ತಿಗೊಂದು ಪಟ್ಟಿ ಇಟ್ಟೆ.
ಜಾರಿಸಿದರೆ ನೀಲಿ ಒಳಗೆ ಬರುತ್ತದೆ, ಹೊರಗೆ ಹೋಗುತ್ತದೆ.
ಹುಣ್ಣಿಮೆಯ ಭರತಿಗೆ ಇಪ್ಪತ್ತಾರು ಸೈಟು, ಪಾರ್ಕಿನ ಸಮೇತ.
ಬಾಂದೇಕರರು ಬಹಳ ಹೊತ್ತು ನೋಡಿದರು.
‘ಕೆಲಸ ಚೊಕ್ಕ ಆಗಿದೆ.
ಮೊದಲ ಪರದೆಯಲ್ಲಿ ಬೇಡ.’
ಮೂರು ಗೆರೆಯ ಗುರುತಿನ ಒಳಗೆ
‘ಇತರೆ’ ಎಂಬುದರ ಒಳಗೆ ಇಟ್ಟೆ.
ಇಟ್ಟವಳು ನಾನೇ. ಅಕ್ಷರವನ್ನೂ ಚಿಕ್ಕದು ಮಾಡಿದೆ.

‘ಬಳಸಲು ಸುಲಭ’ ಎಂದು ಮುಖಪುಟಕ್ಕೆ ಬರೆಯಬೇಕಿತ್ತು.
ಬಳಸು ಅಂತ ಬರೆದು ಕೈ ನಿಂತಿತು.
ಚೊಂಬು ಬಳಸುತ್ತೇವೆ. ಕೊರಳು ಬಳಸುತ್ತೇವೆ.
ದಾರಿಯಲ್ಲಿ ಹಾವಿದ್ದರೆ ಬಳಸಿ ಹೋಗುತ್ತೇವೆ.
ದಿನಕ್ಕೆರಡು ಸಲ ಕಾಳಿ ಹೊಳೆ
ಆ ಗಜನಿಯನ್ನು ಬಳಸುತ್ತದೆ,
ಖಾತೆ ತೆರೆಯದೆ, ಗುಪ್ತಪದ ಕೇಳದೆ.

ನಿನ್ನೆಯ ದಾಖಲೆ ನೋಡಿದೆ.
ರಾತ್ರಿ ಒಂದೂ ಇಪ್ಪತ್ತಕ್ಕೆ, ಬಾಂದೇಕರರ ನಂಬರಿನಿಂದ,
ಯಾರೋ ‘ಇತರೆ’ಯೊಳಗೆ ಹೋಗಿದ್ದಾರೆ.
ನೀಲಿಯನ್ನು ಒಳಗೆ ತಂದಿದ್ದಾರೆ, ಹೊರಗೆ ಕಳಿಸಿದ್ದಾರೆ,
ಹತ್ತೊಂಬತ್ತು ಸಲ. ಏನನ್ನೂ ಉಳಿಸಿಲ್ಲ.
ನಡುನಡುವೆ ಪಟ್ಟಿಯ ಆಚೆ, ಈಚೆ,
ಏನೂ ಇಲ್ಲದ ಕಡೆ ಒತ್ತಿದ ಗುರುತುಗಳು.

ಆ ಪಟ್ಟಿ ತೀರಾ ಸಣ್ಣದಾಯಿತು.
ನಾಳೆ ದೊಡ್ಡದು ಮಾಡಬೇಕು.